ಮನೆಯ ಮೇಲ್ಛಾವಣಿಯಲ್ಲಿ ಸೌರ ಫಲಕ: ಅಳವಡಿಕೆಗೆ ಮುನ್ನ ಛಾವಣಿಯ ಸಿದ್ಧತೆ

ಬೈತಖೋಲ ಹಾಗೂ ಕಾರವಾರ–ಅಂಕೋಲಾ ಕರಾವಳಿಯ ಗೃಹಬಳಕೆ ವಿದ್ಯುತ್ ಗ್ರಾಹಕರ ಮಾಹಿತಿಗಾಗಿ

1. ಪೀಠಿಕೆ

ಮನೆಯ ಛಾವಣಿಯ ಮೇಲೆ ಸೌರ ವಿದ್ಯುತ್ ಘಟಕವನ್ನು ಅಳವಡಿಸಿಕೊಳ್ಳಲು ಅರ್ಜಿ ಸಲ್ಲಿಸುವ ಗ್ರಾಹಕರು ಸಾಮಾನ್ಯವಾಗಿ ಫಲಕದ ಬೆಲೆ, ಸಹಾಯಧನದ ಮೊತ್ತ ಮತ್ತು ಉಳಿತಾಯವಾಗುವ ವಿದ್ಯುತ್ ಶುಲ್ಕ ಇವುಗಳನ್ನು ಮೊದಲು ವಿಚಾರಿಸುತ್ತಾರೆ. ಫಲಕಗಳನ್ನು ಹೊರಬೇಕಾದ ಛಾವಣಿಯ ಸ್ಥಿತಿಯ ಬಗ್ಗೆ ವಿಚಾರಿಸುವವರು ವಿರಳ. ಸೌರ ಫಲಕಗಳಿಗೆ ತಯಾರಕರು ಸಾಮಾನ್ಯವಾಗಿ 25 ವರ್ಷಗಳ ಉತ್ಪಾದನಾ ಖಾತರಿ ನೀಡುತ್ತಾರೆ. ಅಂದರೆ ಇಂದು ಫಲಕ ಕೂರಿಸಿದ ಛಾವಣಿಯು ಮುಂದಿನ 25 ಮಳೆಗಾಲಗಳನ್ನು ಅದರೊಡನೆಯೇ ಎದುರಿಸಬೇಕಾಗುತ್ತದೆ. ಫಲಕ ಕೂರಿಸಿದ ನಂತರ ಛಾವಣಿ ಸೋರಿದರೆ, ಚೌಕಟ್ಟನ್ನು ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ಕೂರಿಸುವ ವೆಚ್ಚವನ್ನು ಗ್ರಾಹಕರೇ ಭರಿಸಬೇಕಾಗುತ್ತದೆ.

ಕಾರವಾರ ನಗರದ ದಕ್ಷಿಣಕ್ಕೆ, ಬಂದರಿಗೆ ಹೊಂದಿಕೊಂಡು, ಗುಡ್ಡ ಮತ್ತು ಸಮುದ್ರದ ನಡುವೆ ಇರುವ ಬೈತಖೋಲದಲ್ಲಿ ಈ ವಿಷಯಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ಇಲ್ಲಿನ ಛಾವಣಿಗಳು ಮಳೆ, ಗಾಳಿ ಮತ್ತು ಉಪ್ಪು ಈ ಮೂರನ್ನೂ ಒಟ್ಟಿಗೆ ತಡೆದುಕೊಳ್ಳಬೇಕು. ಆದ್ದರಿಂದ ಅರ್ಜಿ ಸಲ್ಲಿಸುವ ಮುನ್ನ ಗ್ರಾಹಕರು ತಮ್ಮ ಛಾವಣಿಯನ್ನು ಹೇಗೆ ಪರೀಕ್ಷಿಸಿಕೊಳ್ಳಬೇಕು, ಏನೇನು ಸಿದ್ಧತೆ ಮಾಡಿಕೊಳ್ಳಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಯೋಜನೆ ಮತ್ತು ಸಹಾಯಧನ

ಪಿಎಂ ಸೂರ್ಯ ಘರ್ ಮುಫ್ತ್ ಬಿಜಲಿ ಯೋಜನೆಗೆ 2024ರ ಫೆಬ್ರವರಿ 13ರಂದು ಚಾಲನೆ ನೀಡಲಾಯಿತು. ಅದೇ ತಿಂಗಳ 29ರಂದು ಕೇಂದ್ರ ಸಚಿವ ಸಂಪುಟವು 75,021 ಕೋಟಿ ರೂಪಾಯಿಗಳ ಒಟ್ಟು ವೆಚ್ಚದಲ್ಲಿ ಒಂದು ಕೋಟಿ ಮನೆಗಳನ್ನು ತಲುಪುವ ಗುರಿಯೊಂದಿಗೆ ಇದಕ್ಕೆ ಅನುಮೋದನೆ ನೀಡಿತು. ಯೋಜನೆಯ ಅವಧಿಯನ್ನು 2026-27ನೇ ಆರ್ಥಿಕ ವರ್ಷದವರೆಗೆ ನಿಗದಿಪಡಿಸಲಾಗಿದೆ. ವೈಯಕ್ತಿಕ ಮನೆಗಳಿಗೆ ನಿಗದಿಪಡಿಸಿದ ಸಹಾಯಧನದ ವಿವರ ಈ ಕೆಳಕಂಡಂತಿದೆ.

• 1 ಕಿಲೋವ್ಯಾಟ್ ಘಟಕಕ್ಕೆ: 30,000 ರೂಪಾಯಿ
• 2 ಕಿಲೋವ್ಯಾಟ್ ಘಟಕಕ್ಕೆ: 60,000 ರೂಪಾಯಿ
• 3 ಕಿಲೋವ್ಯಾಟ್ ಹಾಗೂ ಅದಕ್ಕೂ ಮೇಲ್ಪಟ್ಟ ಘಟಕಕ್ಕೆ: ಗರಿಷ್ಠ 78,000 ರೂಪಾಯಿ

ತಿಂಗಳಿಗೆ 150 ಯೂನಿಟ್‌ವರೆಗೆ ಬಳಸುವ ಮನೆಗೆ 1ರಿಂದ 2 ಕಿಲೋವ್ಯಾಟ್, 150ರಿಂದ 300 ಯೂನಿಟ್ ಬಳಸುವ ಮನೆಗೆ 2ರಿಂದ 3 ಕಿಲೋವ್ಯಾಟ್ ಸಾಮರ್ಥ್ಯದ ಘಟಕ ಸೂಕ್ತವೆಂದು ಯೋಜನೆಯಲ್ಲಿ ಸೂಚಿಸಲಾಗಿದೆ. ಪ್ರತಿ ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಸ್ಥಳ ಅಗತ್ಯ.

ಅರ್ಜಿದಾರರು ಗಮನದಲ್ಲಿಡಬೇಕಾದ ಅಂಶಗಳು:

• ಸಹಾಯಧನವು ಘಟಕ ಕಾರ್ಯಾರಂಭಗೊಂಡು ಪರಿಶೀಲನೆ ಮುಗಿದ ನಂತರ ಗ್ರಾಹಕರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಆರಂಭದ ಹಣವನ್ನು ಗ್ರಾಹಕರೇ ಹೊಂದಿಸಿಕೊಳ್ಳಬೇಕು.
• ಭಾರತದಲ್ಲಿಯೇ ತಯಾರಾದ ಸೌರಕೋಶಗಳಿಂದ ಭಾರತದಲ್ಲಿಯೇ ಜೋಡಿಸಿದ ಫಲಕಗಳಿಗೆ ಮಾತ್ರ ಸಹಾಯಧನ ಲಭ್ಯ.
• ಫಲಕಗಳ ಒಟ್ಟು ಸಾಮರ್ಥ್ಯ ಮತ್ತು ಇನ್ವರ್ಟರ್ ಸಾಮರ್ಥ್ಯ ಇವೆರಡರಲ್ಲಿ ಕಡಿಮೆ ಇರುವುದನ್ನು ಸಹಾಯಧನದ ಲೆಕ್ಕಕ್ಕೆ ಪರಿಗಣಿಸಲಾಗುತ್ತದೆ.
• ಛಾವಣಿಯ ದುರಸ್ತಿ, ಜಲನಿರೋಧಕ ಲೇಪನ, ಮರಮಟ್ಟು ಬದಲಾವಣೆ ಮುಂತಾದ ಕೆಲಸಗಳಿಗೆ ಈ ಸಹಾಯಧನ ಅನ್ವಯಿಸುವುದಿಲ್ಲ. ಆದ್ದರಿಂದ ಈ ವೆಚ್ಚವನ್ನು ಮೊದಲೇ ಅಂದಾಜು ಮಾಡಿ, ಒಟ್ಟು ವೆಚ್ಚಕ್ಕೆ ಸೇರಿಸಿ ನೋಡಬೇಕು.

3. ಛಾವಣಿ ಹೊರಬೇಕು, ಹಿಡಿದೂ ಇಟ್ಟುಕೊಳ್ಳಬೇಕು

"ನಮ್ಮ ಸ್ಲ್ಯಾಬ್ ಇಷ್ಟು ಭಾರ ತಡೆಯುತ್ತದೆಯೇ?" ಎಂಬುದು ಗ್ರಾಹಕರ ಸಾಮಾನ್ಯ ಪ್ರಶ್ನೆ. ಪ್ರಸ್ತುತ ಬಳಕೆಯಲ್ಲಿರುವ 540 ವ್ಯಾಟ್ ಸಾಮರ್ಥ್ಯದ ಒಂದು ಫಲಕವು ಸುಮಾರು ಏಳೂವರೆ ಅಡಿ ಉದ್ದ, ಮೂರೂ ಮುಕ್ಕಾಲು ಅಡಿ ಅಗಲವಿದ್ದು, ಸುಮಾರು 28 ಕಿಲೋಗ್ರಾಂ ತೂಗುತ್ತದೆ. 3 ಕಿಲೋವ್ಯಾಟ್ ಘಟಕಕ್ಕೆ ಇಂತಹ ಆರು ಫಲಕಗಳು ಬೇಕಾಗುತ್ತವೆ. ಅವುಗಳ ಒಟ್ಟು ತೂಕ ಸುಮಾರು 170 ಕಿಲೋಗ್ರಾಂ. ಸುಸ್ಥಿತಿಯಲ್ಲಿರುವ ಕಾಂಕ್ರೀಟ್ ತಾರಸಿಗೆ ಇದು ದೊಡ್ಡ ಭಾರವಲ್ಲ.

ಕರಾವಳಿಯಲ್ಲಿ ನಿಜವಾದ ಪ್ರಶ್ನೆ ಗಾಳಿಯದು. ಕಟ್ಟಡಗಳ ಮೇಲಿನ ಗಾಳಿಯ ಒತ್ತಡಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875 (ಭಾಗ 3) ಮಂಗಳೂರು ಮತ್ತು ಪಣಜಿ ನಗರಗಳಿಗೆ ಸೆಕೆಂಡಿಗೆ 39 ಮೀಟರ್ ಮೂಲ ಗಾಳಿವೇಗವನ್ನು ನಿಗದಿಪಡಿಸಿದೆ. ಇದು ಗಂಟೆಗೆ ಸುಮಾರು 140 ಕಿಲೋಮೀಟರ್ ವೇಗಕ್ಕೆ ಸಮ. ಕಾರವಾರವು ಇದೇ ಕರಾವಳಿಯಲ್ಲಿ, ಈ ಎರಡೂ ನಗರಗಳ ನಡುವೆ ಇದೆ. ಈ ವೇಗದ ಗಾಳಿಯು ಒಂದು ಚದರ ಮೀಟರ್ ಮೇಲೆ ಸುಮಾರು 93 ಕಿಲೋಗ್ರಾಂ ತೂಕಕ್ಕೆ ಸಮನಾದ ಒತ್ತಡ ಉಂಟುಮಾಡಬಲ್ಲದು. ಸುಮಾರು 2.6 ಚದರ ಮೀಟರ್ ಹರವಿನ ಒಂದು ಫಲಕದ ಮೇಲೆ ಇದು 240 ಕಿಲೋಗ್ರಾಂ ಆಗುತ್ತದೆ. ಫಲಕದ ಓರೆ, ಮನೆಯ ಎತ್ತರ ಮತ್ತು ಸ್ಥಳಕ್ಕನುಗುಣವಾಗಿ ಈ ಅಂಕಿ ಬದಲಾಗುತ್ತದೆಯಾದರೂ ತಾತ್ಪರ್ಯ ಸ್ಪಷ್ಟ: 28 ಕಿಲೋಗ್ರಾಂ ತೂಕದ ಫಲಕವನ್ನು ಅದರ ಹಲವು ಪಟ್ಟು ಬಲದಿಂದ ಮೇಲೆತ್ತಲು ಗಾಳಿಗೆ ಸಾಧ್ಯವಿದೆ. ಕಿತ್ತುಬಂದ ಫಲಕವು ಮನೆಯವರಿಗಷ್ಟೇ ಅಲ್ಲ, ನೆರೆಮನೆಯವರಿಗೂ ದಾರಿಹೋಕರಿಗೂ ಪ್ರಾಣಾಪಾಯ ತರಬಲ್ಲದು.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಕರ್ನಾಟಕದ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿದುದನ್ನು ಈ ಭಾಗದ ಜನರು ಮರೆತಿರಲಾರರು. ಮಳೆಗಾಲ ಆರಂಭವಾಗುವ ಮುನ್ನವೇ ಇಂತಹ ಬಿರುಗಾಳಿ ಬರಬಹುದೆಂಬುದಕ್ಕೆ ಅದು ನಿದರ್ಶನ. ಕಾರವಾರದ ಬಂದರಿಗೆ ಗುಡ್ಡವು ಆಶ್ರಯ ನೀಡಿರುವುದು ನಿಜ. ಆದರೆ ಗುಡ್ಡದ ಏರಿನಲ್ಲಿರುವ ಮನೆಗಳಿಗೆ ಈ ಮಾತು ಅನ್ವಯಿಸದು. ಇಳಿಜಾರನ್ನು ಏರುವಾಗ ಗಾಳಿಯ ವೇಗ ಹೆಚ್ಚುವುದರಿಂದ ಅಂತಹ ಮನೆಗಳಿಗೆ ಮಾನಕದಲ್ಲಿಯೇ ಹೆಚ್ಚುವರಿ ಲೆಕ್ಕವನ್ನು ಸೂಚಿಸಲಾಗಿದೆ. ಆದ್ದರಿಂದ ಫಲಕ ಅಳವಡಿಸುವ ಸಂಸ್ಥೆಯಿಂದ ತಮ್ಮ ಮನೆಗೆ ಮಾಡಿದ ಗಾಳಿಯ ಲೆಕ್ಕವನ್ನು ಲಿಖಿತವಾಗಿ ಕೇಳಿ ಪಡೆಯಲು ಗ್ರಾಹಕರಿಗೆ ಹಕ್ಕಿದೆ ಎಂದೇ ಭಾವಿಸತಕ್ಕದ್ದು.

4. ಛಾವಣಿಯ ಪರೀಕ್ಷೆ

ಅ) ಕಾಂಕ್ರೀಟ್ ತಾರಸಿ

ಸಮುದ್ರ ತೀರದ ಕಟ್ಟಡಗಳಲ್ಲಿ ಉಪ್ಪಿನ ಅಂಶವು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಇದರ ಲಕ್ಷಣಗಳು ತಾರಸಿಯ ಮೇಲಕ್ಕಿಂತ ಮೊದಲು ಕೆಳಗೆ, ಅಂದರೆ ಕೋಣೆಯ ಒಳಮಾಳಿಗೆಯಲ್ಲಿ ಕಾಣಿಸಿಕೊಳ್ಳುತ್ತವೆ. ಆದುದರಿಂದ ಪರೀಕ್ಷೆಯನ್ನು ಮನೆಯ ಒಳಗಿನಿಂದ ಆರಂಭಿಸಬೇಕು.

• ಒಳಮಾಳಿಗೆಯಲ್ಲಿ ಕಂದು ಬಣ್ಣದ ಕಲೆ, ನೇರ ಗೆರೆಯಂತಹ ಬಿರುಕು, ಉದುರುತ್ತಿರುವ ಗಿಲಾವು ಇದೆಯೇ ನೋಡಬೇಕು.
• ಮರದ ಕೋಲಿನಿಂದ ಮೆಲ್ಲಗೆ ತಟ್ಟಬೇಕು. ಟೊಳ್ಳು ಶಬ್ದ ಬಂದರೆ ಗಿಲಾವು ಅಥವಾ ಕಾಂಕ್ರೀಟು ಬಿಟ್ಟುಕೊಂಡಿದೆ ಎಂದರ್ಥ.
• ಸರಳು ಹೊರಗೆ ಕಾಣುತ್ತಿದ್ದರೆ ಫಲಕದ ವಿಚಾರವನ್ನು ಬದಿಗಿರಿಸಿ, ಮೊದಲು ಸಿವಿಲ್ ಇಂಜಿನಿಯರರಿಂದ ತಪಾಸಣೆ ಮಾಡಿಸಬೇಕು. ಮೇಲಿನಿಂದ ಸಿಮೆಂಟ್ ಬಳಿದು ಮುಚ್ಚುವುದು ದುರಸ್ತಿಯಲ್ಲ.

ನಂತರ ತಾರಸಿಯ ನೀರಿನ ಪರೀಕ್ಷೆ ಮಾಡಬೇಕು. ನೀರು ಹೊರಹೋಗುವ ರಂಧ್ರಗಳನ್ನು ಮುಚ್ಚಿ, ಒಂದು ಅಂಗುಲದಷ್ಟು ಸಿಹಿನೀರನ್ನು 24 ಗಂಟೆಗಳ ಕಾಲ ನಿಲ್ಲಿಸಿ, ಕೆಳಗೆ ತೇವ ಇಳಿಯುವುದೇ ಎಂದು ಗಮನಿಸಬೇಕು. ಒಳಮಾಳಿಗೆಯಲ್ಲಿ ಮೇಲೆ ಹೇಳಿದ ಲಕ್ಷಣಗಳಿರುವ ತಾರಸಿಯಲ್ಲಿ ಈ ಪರೀಕ್ಷೆಯನ್ನು ಇಂಜಿನಿಯರರ ಸಲಹೆಯಿಲ್ಲದೆ ಮಾಡಬಾರದು. ನೀರನ್ನು ಬಿಟ್ಟ ನಂತರ ಎಲ್ಲಿ ಮಡುಗಟ್ಟಿ ನಿಲ್ಲುತ್ತದೆ ಎಂಬುದನ್ನು ಸುಣ್ಣದಿಂದ ಗುರುತು ಮಾಡಿಕೊಳ್ಳಬೇಕು. ಚೌಕಟ್ಟಿನ ಕಾಲುಗಳು ಇಂತಹ ಸ್ಥಳದಲ್ಲಿ ಬರಕೂಡದು. ಜಲನಿರೋಧಕ ಲೇಪನ ಅಗತ್ಯವಿದ್ದಲ್ಲಿ ಅದನ್ನು ಫಲಕ ಬರುವ ಮೊದಲೇ, ಇಡೀ ತಾರಸಿಗೆ ಮಾಡಿಸಬೇಕು.

ಆ) ಮಂಗಳೂರು ಹಂಚಿನ ಛಾವಣಿ

ಚಿರೇಕಲ್ಲಿನ ಗೋಡೆ, ಮರದ ಪಕಾಸು, ಅದರ ಮೇಲೆ ರೀಪು ಮತ್ತು ಹಂಚು ಇರುವ ಮನೆಗಳು ಈ ಭಾಗದಲ್ಲಿ ಇಂದಿಗೂ ಬಹಳಷ್ಟಿವೆ. ಹಂಚು ರೀಪಿನ ಮೇಲೆ ತನ್ನ ಭಾರದಿಂದಲೇ ಕುಳಿತಿರುತ್ತದೆ. ಆದ್ದರಿಂದ ಹಂಚಿಗಾಗಲೀ ರೀಪಿಗಾಗಲೀ ಫಲಕವನ್ನು ಬಿಗಿಯುವಂತಿಲ್ಲ. ಹಂಚಿನ ಕೆಳಗಿನಿಂದ ಬರುವ ಲೋಹದ ಕೊಕ್ಕೆಗಳನ್ನು ಪಕಾಸಿಗೇ ಬಿಗಿದು, ಅವುಗಳ ಮೇಲೆ ಹಳಿಗಳನ್ನು ಜೋಡಿಸಬೇಕು.

• ಬಡಗಿಯನ್ನು ಕರೆಸಿ ಪ್ರತಿ ಪಕಾಸು, ತೊಲೆ ಹಾಗೂ ಗೋಡೆಯ ಮೇಲೆ ಅವು ಕೂರುವ ತುದಿಗಳನ್ನು ಪರೀಕ್ಷಿಸಬೇಕು. ಗೆದ್ದಲು ಮತ್ತು ಕೊಳೆತ ಹೆಚ್ಚಾಗಿ ಕಾಣುವುದು ತೇವ ನಿಲ್ಲುವ ಈ ತುದಿಗಳಲ್ಲಿಯೇ.
• ಛಾವಣಿಯ ನಡುಭಾಗ ಬಾಗಿ ತಗ್ಗಿದ್ದರೆ ಮರ ಈಗಾಗಲೇ ದಣಿದಿದೆ ಎಂದು ತಿಳಿಯಬೇಕು.
• ಪಕಾಸುಗಳು ಗೋಡೆಗೆ ಬಿಗಿಯಾಗಿ ಬಂಧಿಸಲ್ಪಟ್ಟಿವೆಯೇ ನೋಡಬೇಕು. ಫಲಕವನ್ನು ಪಕಾಸು ಹಿಡಿದರೂ, ಪಕಾಸನ್ನು ಗೋಡೆ ಹಿಡಿಯದಿದ್ದರೆ ಪ್ರಯೋಜನವಿಲ್ಲ.
• ಫಲಕದ ಕೆಳಗೆ ಬರುವ ಹಂಚುಗಳನ್ನು ಮುಂದೆ ವರ್ಷಂಪ್ರತಿ ಕೈಯಾಡಿಸಲು ಸಾಧ್ಯವಾಗದು. ಒಡೆದ, ಸೀಳಿದ ಹಂಚುಗಳನ್ನು ಈಗಲೇ ಬದಲಾಯಿಸಿ, ಅದೇ ಅಚ್ಚಿನ ಕೆಲವು ಹಂಚುಗಳನ್ನು ಸಂಗ್ರಹಿಸಿಟ್ಟುಕೊಳ್ಳಬೇಕು.

ಮರಮಟ್ಟು ದುರ್ಬಲವಾಗಿದ್ದಲ್ಲಿ, ಹಂಚಿನ ಛಾವಣಿಯನ್ನು ಬಿಟ್ಟು ಅಂಗಳದ ಬದಿಯ ಕಾಂಕ್ರೀಟ್ ಭಾಗದ ಮೇಲೆ ಸಣ್ಣ ಘಟಕ ಅಳವಡಿಸುವುದು ಸೂಕ್ತ.

ಇ) ತಗಡು ಮತ್ತು ಸಿಮೆಂಟ್ ಶೀಟಿನ ಛಾವಣಿ

ಮಳೆಯಿಂದ ತಾರಸಿಯನ್ನು ಕಾಪಾಡಲು ಅದರ ಮೇಲೆ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ ತಗಡು ಹೊದಿಸುವ ರೂಢಿ ಕರಾವಳಿಯಲ್ಲಿದೆ. ಬದಿಗಳು ತೆರೆದಿರುವ ಇಂತಹ ಮಾಡಿನ ಕೆಳಗೂ ಮೇಲೂ ಗಾಳಿ ಏಕಕಾಲಕ್ಕೆ ಬಲ ಹಾಕುತ್ತದೆ. ಮಳೆ ತಡೆಯಲೆಂದು ಕಟ್ಟಿದ ಈ ಚೌಕಟ್ಟು ಫಲಕದ ಬಲವನ್ನೂ ತಡೆಯುತ್ತದೆಂದು ಊಹಿಸಬಾರದು. ಕಂಬದ ಬುಡ, ಬೆಸುಗೆಯ ಜಾಗ ಮತ್ತು ಕೊಕ್ಕೆಗಳ ತುಕ್ಕನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಓರೆಪಟ್ಟಿಗಳನ್ನು ಸೇರಿಸಿ ಬಲಪಡಿಸಬೇಕು. ಫಲಕದ ಹಳಿಗಳನ್ನು ತಗಡಿಗಲ್ಲ, ಅದರ ಕೆಳಗಿನ ಕಬ್ಬಿಣದ ಪಟ್ಟಿಗಳಿಗೆ ಬಿಗಿಯಬೇಕು.

ಹಳೆಯ ಕಲ್ನಾರು ಸಿಮೆಂಟ್ ಶೀಟುಗಳ ಮೇಲೆ ಫಲಕ ಅಳವಡಿಸಬಾರದು. ಅವು ತುಳಿದರೆ ಒಡೆಯುತ್ತವೆ. ಕೊರೆದಾಗ ಏಳುವ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.

5. ಸ್ಥಳ, ದಿಕ್ಕು ಮತ್ತು ನೆರಳು

ಕಾರವಾರವು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಫಲಕಗಳು ದಕ್ಷಿಣಕ್ಕೆ ಮುಖ ಮಾಡಿ 10ರಿಂದ 15 ಡಿಗ್ರಿ ಓರೆಯಾಗಿರುವುದು ಉತ್ತಮ. ಇದಕ್ಕಿಂತ ಚಪ್ಪಟೆಯಾದರೆ ಮಳೆನೀರು ಧೂಳನ್ನು ಸರಿಯಾಗಿ ತೊಳೆಯದು. ಹೆಚ್ಚು ಎತ್ತಿದರೆ ಗಾಳಿಯ ಹೊಡೆತ ಹೆಚ್ಚುತ್ತದೆ.

ಡಿಸೆಂಬರ್ ತಿಂಗಳಿನಲ್ಲಿ ಸೂರ್ಯ ಅತ್ಯಂತ ದಕ್ಷಿಣದಲ್ಲಿರುವುದರಿಂದ ನೆರಳುಗಳು ಆಗ ಉದ್ದವಾಗಿರುತ್ತವೆ. ಕಾರವಾರದಲ್ಲಿ ಆ ತಿಂಗಳು ಸೂರ್ಯ ಅತ್ಯುನ್ನತ ಸ್ಥಾನಕ್ಕೆ ಬರುವುದು ಗಡಿಯಾರದ 12 ಗಂಟೆಗಲ್ಲ, ಸುಮಾರು 12.30ಕ್ಕೆ. ಆದ್ದರಿಂದ ನೆರಳನ್ನು ಬೆಳಿಗ್ಗೆ 9.30, ಮಧ್ಯಾಹ್ನ 12.30 ಮತ್ತು 3.30ಕ್ಕೆ ಗುರುತಿಸಬೇಕು. ಡಿಸೆಂಬರ್ 21ರ ಸುಮಾರಿಗೆ 9.30ಕ್ಕೂ 3.30ಕ್ಕೂ ನೆರಳಿನ ಉದ್ದ ವಸ್ತುವಿನ ಎತ್ತರದ ಸುಮಾರು 1.6 ಪಟ್ಟು ಇರುತ್ತದೆ. ಅರ್ಜಿ ಸಲ್ಲಿಸುವ ಕಾಲ ಬೇರೆಯಾಗಿದ್ದರೆ ಈ ಲೆಕ್ಕವನ್ನು ಬಳಸಿಕೊಳ್ಳಬಹುದು.

ಉದಾಹರಣೆ: 30 ಅಡಿ ಉದ್ದ, 25 ಅಡಿ ಅಗಲದ ತಾರಸಿಯೊಂದರ ವಿಸ್ತೀರ್ಣ 750 ಚದರ ಅಡಿ ಎಂದಿಟ್ಟುಕೊಳ್ಳೋಣ. ಮೆಟ್ಟಿಲಿನ ಕೋಣೆ ಹಾಗೂ ನೀರಿನ ತೊಟ್ಟಿಗೆ 130 ಚದರ ಅಡಿ ಹೋದರೆ 620 ಚದರ ಅಡಿ ಉಳಿಯುತ್ತದೆ. 3 ಕಿಲೋವ್ಯಾಟ್‌ಗೆ ಬೇಕಾದ 300 ಚದರ ಅಡಿ ಸುಲಭವಾಗಿ ದೊರೆಯುತ್ತದೆ ಎನಿಸಬಹುದು. ಆದರೆ 8 ಅಡಿ ಎತ್ತರದ ಮೆಟ್ಟಿಲಿನ ಕೋಣೆ ತಾರಸಿಯ ದಕ್ಷಿಣ ಬದಿಯಲ್ಲಿದ್ದರೆ, ಅದರ ಸುಮಾರು 13 ಅಡಿ ಉದ್ದದ ನೆರಳು ಬೆಳಿಗ್ಗೆ ವಾಯವ್ಯಕ್ಕೂ ಮಧ್ಯಾಹ್ನದ ನಂತರ ಈಶಾನ್ಯಕ್ಕೂ ಬಿದ್ದು ತಾರಸಿಯ ನಡುಭಾಗವನ್ನು ಆವರಿಸುತ್ತದೆ. ಅದೇ ಕೋಣೆ ಉತ್ತರ ಬದಿಯಲ್ಲಿದ್ದರೆ ಚಳಿಗಾಲದಲ್ಲಿ ಫಲಕಗಳಿಗೆ ಅಡ್ಡಿಯೇ ಇಲ್ಲ. ಒಂದೇ ಅಳತೆಯ ಎರಡು ತಾರಸಿಗಳಲ್ಲಿ ಒಂದು ಯೋಗ್ಯವಾಗಿ ಇನ್ನೊಂದು ಅಯೋಗ್ಯವಾಗುವುದು ಹೀಗೆ. ಸರಣಿಯಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ಬಿದ್ದ ನೆರಳು ಇಡೀ ಸರಣಿಯ ಉತ್ಪಾದನೆಯನ್ನು ಕುಗ್ಗಿಸಬಲ್ಲದು.

ಬೈತಖೋಲದ ಗುಡ್ಡದ ಬುಡದ ಮನೆಗಳಲ್ಲಿ ಗುಡ್ಡದ ನೆರಳು ಯಾವ ಹೊತ್ತಿಗೆ ಸರಿಯುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಗಮನಿಸಬೇಕು. ತೆಂಗಿನ ಮರದ ಇಂದಿನ ಎತ್ತರವನ್ನಷ್ಟೇ ನೋಡದೆ ಮುಂದಿನ ಬೆಳವಣಿಗೆಯನ್ನೂ ಪರಿಗಣಿಸಬೇಕು. ಗರಿ ಮತ್ತು ಕಾಯಿ ಬೀಳುವಷ್ಟು ಸಮೀಪದಲ್ಲಿ ಫಲಕ ಇಡಬಾರದು.

ತಾರಸಿಯು ಮೀನು, ಹಪ್ಪಳ, ಕೊಬ್ಬರಿ ಒಣಗಿಸುವ ಮತ್ತು ಬಲೆ ಹರಡುವ ಸ್ಥಳವೂ ಹೌದು. ಮನೆಯ ಹೆಂಗಸರೊಂದಿಗೆ ಚರ್ಚಿಸಿ ಆ ಸ್ಥಳವನ್ನು ಮೊದಲೇ ಮೀಸಲಿಡಬೇಕು. ಒಣಮೀನಿಗೆ ಬರುವ ಕಾಗೆ, ಹದ್ದುಗಳ ಹಿಕ್ಕೆಯೂ ಫಲಕದ ಮೇಲೆ ನೆರಳಿನಂತೆಯೇ ಕೆಲಸ ಮಾಡುವುದರಿಂದ ಎರಡರ ನಡುವೆ ಅಂತರವಿರಲಿ. ಫಲಕಗಳ ಸುತ್ತ ಒಬ್ಬರು ನಡೆದಾಡಿ ತೊಳೆಯುವಷ್ಟು ದಾರಿಯನ್ನೂ ಬಿಡಬೇಕು.

6. ಆಧಾರ ಚೌಕಟ್ಟು ಮತ್ತು ಬಿಗಿತ

• ಚೌಕಟ್ಟು ಬಿಸಿ ಸತುವಿನಲ್ಲಿ ಅದ್ದಿ ಲೇಪಿಸಿದ ಉಕ್ಕಿನದು ಅಥವಾ ಅಲ್ಯೂಮಿನಿಯಂನದಾಗಿರಬೇಕು. ಲೇಪನದ ನಂತರ ಕತ್ತರಿಸಿದ, ಕೊರೆದ ಅಥವಾ ಬೆಸೆದ ಜಾಗದಲ್ಲಿ ಸತುವು ಹೋಗಿರುವುದರಿಂದ ತುಕ್ಕು ಅಲ್ಲಿಂದಲೇ ಆರಂಭವಾಗುತ್ತದೆ. ಆದುದರಿಂದ ತಾರಸಿಯ ಮೇಲೆ ಬೆಸುಗೆ ಹಾಕುವುದನ್ನು ಒಪ್ಪಬಾರದು.
• ನಟ್ಟು, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಬೇಕು. ಸಮುದ್ರದ ಸಮೀಪಕ್ಕೆ 316 ದರ್ಜೆಯದು ಉತ್ತಮ.
• ಫಲಕಗಳು ಉಪ್ಪುಮಂಜಿನ ಪರೀಕ್ಷೆಯಾದ ಐಇಸಿ 61701ರಲ್ಲಿ ಉತ್ತೀರ್ಣವಾಗಿರುವ ಬಗ್ಗೆ ಪ್ರಮಾಣಪತ್ರ ಕೇಳಬೇಕು.
• ತಾರಸಿಯ ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಎಳೆತ ಅತಿ ಹೆಚ್ಚು. ಫಲಕಗಳನ್ನು ಅಂಚಿನಿಂದ ಒಳಗೆ ಇರಿಸಬೇಕು. ಅವು ಛಾವಣಿಯ ಹೊರಗೆ ಚಾಚಬಾರದು.
• ಆಂಕರ್ ಬೋಲ್ಟ್ ಹಾಕಿದರೆ ಪ್ರತಿ ರಂಧ್ರವನ್ನೂ ಜಲನಿರೋಧಕ ಪದಾರ್ಥದಿಂದ ಮುಚ್ಚಿ, ಅದರ ಮೇಲೆ ಕಾಂಕ್ರೀಟ್ ಪೀಠ ಕಟ್ಟಬೇಕು. ಬೋಲ್ಟ್ ಇಲ್ಲದೆ ಕೇವಲ ಕಾಂಕ್ರೀಟ್ ದಿಮ್ಮಿಗಳ ಭಾರದಿಂದ ಚೌಕಟ್ಟನ್ನು ನಿಲ್ಲಿಸುವುದಾದರೆ, ಆ ಭಾರವು ಗಾಳಿಯ ಲೆಕ್ಕಕ್ಕೆ ಸಾಲುವುದೇ, ಸ್ಲ್ಯಾಬು ಅದನ್ನು ತಡೆಯುವುದೇ ಎಂಬ ಎರಡನ್ನೂ ಇಂಜಿನಿಯರರು ದೃಢೀಕರಿಸಬೇಕು.
• ಫಲಕದ ಕೆಳ ಅಂಚಿನಿಂದ ಮಳೆನೀರು ಒಂದೇ ಸಾಲಿನಲ್ಲಿ ರಭಸದಿಂದ ಬೀಳುತ್ತದೆ. ಅದು ನೀರು ಹೊರಹೋಗುವ ಕೊಳವೆಯ ಕಡೆಗೆ ಹರಿಯುವಂತೆ ನೋಡಿಕೊಳ್ಳಬೇಕು.

7. ವಿದ್ಯುತ್ ವ್ಯವಸ್ಥೆ ಮತ್ತು ಭೂಸಂಪರ್ಕ

ಇನ್ವರ್ಟರನ್ನು ಮಳೆ, ಬಿಸಿಲು ಮತ್ತು ಸಮುದ್ರದ ಗಾಳಿ ನೇರವಾಗಿ ತಾಗದ, ಗಾಳಿಯಾಡುವ ಗೋಡೆಯ ಮೇಲೆ ಮಕ್ಕಳ ಕೈಗೆಟುಕದಂತೆ ಅಳವಡಿಸಬೇಕು. ತಾರಸಿಯಿಂದ ಇಳಿಯುವ ವೈರುಗಳಿಗೆ ಪ್ರತ್ಯೇಕ ಕೊಳವೆ ಇರಬೇಕು. ಅವುಗಳನ್ನು ಮಳೆನೀರಿನ ಕೊಳವೆಯೊಳಗೆ ಇಳಿಸಕೂಡದು. ಫಲಕಗಳ ಕಡೆಗೆ, ಇನ್ವರ್ಟರ್ ಕಡೆಗೆ ಮತ್ತು ಸಿಡಿಲುವಾಹಕಕ್ಕೆ ಪ್ರತ್ಯೇಕ ಭೂಸಂಪರ್ಕಗಳಿರಬೇಕು. ಭೂಸಂಪರ್ಕದ ರೋಧವು 5 ಓಮ್ ಮೀರಬಾರದು. ಗುಡ್ಡದ ಬದಿಯ ಕಲ್ಲುನೆಲದಲ್ಲಿ ಇದನ್ನು ಸಾಧಿಸುವುದು ಕಷ್ಟವಾದ್ದರಿಂದ ಗುಂಡಿಯ ಸ್ಥಳವನ್ನು ಮೊದಲೇ ಆಯ್ಕೆ ಮಾಡಿ, ನೆಲ ಒಣಗಿರುವ ಬೇಸಿಗೆಯಲ್ಲಿ ಅಳತೆ ಮಾಡಿಸಬೇಕು. ಮಳೆಗಾಲದ ಅಳತೆ ಮೋಸ ಮಾಡುತ್ತದೆ.

8. ಕೆಲಸಕ್ಕೆ ತಕ್ಕ ಕಾಲ

ಜಲನಿರೋಧಕ ಲೇಪನಕ್ಕೆ ಚೆನ್ನಾಗಿ ಒಣಗಿದ ಸ್ಲ್ಯಾಬು ಬೇಕು. ಆದ್ದರಿಂದ ಈ ಕೆಳಕಂಡ ಕ್ರಮವನ್ನು ಅನುಸರಿಸುವುದು ಒಳಿತು.

• ಆಗಸ್ಟ್–ಸೆಪ್ಟೆಂಬರ್: ಮಳೆ ಇರುವಾಗಲೇ ಸೋರುವ ಜಾಗಗಳನ್ನು ಗುರುತಿಸುವುದು; ದಾಖಲೆಗಳನ್ನು ಸರಿಪಡಿಸಿಕೊಳ್ಳುವುದು.
• ಅಕ್ಟೋಬರ್–ನವೆಂಬರ್: ತಪಾಸಣೆ, ಮರಮಟ್ಟು ಮತ್ತು ಕಾಂಕ್ರೀಟ್ ದುರಸ್ತಿ.
• ಡಿಸೆಂಬರ್–ಜನವರಿ: ನೆರಳಿನ ಗುರುತು, ಜಲನಿರೋಧಕ ಲೇಪನ, ನೀರಿನ ಪರೀಕ್ಷೆ.
• ಫೆಬ್ರವರಿ–ಏಪ್ರಿಲ್: ಫಲಕಗಳ ಅಳವಡಿಕೆ, ನೆಟ್ ಮೀಟರ್ ಜೋಡಣೆ.
• ಮೇ ಮೊದಲ ವಾರ: ಎಲ್ಲ ಬೋಲ್ಟುಗಳ ಬಿಗಿತದ ಮರುಪರೀಕ್ಷೆ. ಇದನ್ನು ಪ್ರತಿ ವರ್ಷ ಮಾಡಿಸಬೇಕು.

ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಮೀನುಗಾರ ಕುಟುಂಬಗಳ ಆದಾಯ ಆ ಎರಡು ತಿಂಗಳು ಕುಗ್ಗುತ್ತದೆ. ಫಲಕಗಳ ಉತ್ಪಾದನೆಯೂ ಮೋಡದಿಂದಾಗಿ ಅದೇ ಅವಧಿಯಲ್ಲಿ ಅತಿ ಕಡಿಮೆ. ಬ್ಯಾಂಕ್ ಸಾಲ ಪಡೆಯುವವರು ಕಂತುಗಳನ್ನು ನಿಗದಿಪಡಿಸಿಕೊಳ್ಳುವಾಗ ಈ ಅಂಶವನ್ನು ಬ್ಯಾಂಕಿನ ಗಮನಕ್ಕೆ ತರಬೇಕು.

9. ಅರ್ಜಿ ಸಲ್ಲಿಸುವ ಕ್ರಮ

(1) ಪಿಎಂ ಸೂರ್ಯ ಘರ್ ರಾಷ್ಟ್ರೀಯ ಪೋರ್ಟಲಿನಲ್ಲಿ ಮೊಬೈಲ್ ಸಂಖ್ಯೆ ಹಾಗೂ ವಿದ್ಯುತ್ ಬಿಲ್ಲಿನ ಗ್ರಾಹಕ ಸಂಖ್ಯೆಯೊಂದಿಗೆ ನೋಂದಾಯಿಸಿಕೊಳ್ಳಬೇಕು. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ ವ್ಯಾಪ್ತಿಗೆ ಬರುತ್ತವೆ.
(2) ಅರ್ಜಿ ಸಲ್ಲಿಸಬೇಕು. 2024ರಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಂತೆ 10 ಕಿಲೋವ್ಯಾಟ್‌ವರೆಗಿನ ಅರ್ಜಿಗಳಿಗೆ ತಾಂತ್ರಿಕ ಕಾರ್ಯಸಾಧ್ಯತಾ ವರದಿಯ ಅಗತ್ಯವಿಲ್ಲ. ಈ ವಿನಾಯಿತಿ ವಿದ್ಯುತ್ ಜಾಲಕ್ಕೆ ಸಂಬಂಧಿಸಿದ್ದು. ಛಾವಣಿ ಸುಭದ್ರವಾಗಿದೆ ಎಂಬುದಕ್ಕೆ ಇದು ದೃಢೀಕರಣವಲ್ಲ.
(3) ಪೋರ್ಟಲಿನಲ್ಲಿ ನೋಂದಾಯಿತ ಸಂಸ್ಥೆಗಳ ಪೈಕಿ ಒಂದನ್ನು ಆಯ್ಕೆ ಮಾಡಿ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಐದು ವರ್ಷಗಳ ನಿರ್ವಹಣೆ ಸದರಿ ಸಂಸ್ಥೆಯ ಹೊಣೆ. ಅಳವಡಿಕೆಯಿಂದ ಉಂಟಾಗುವ ಸೋರಿಕೆಯ ಹೊಣೆಯನ್ನೂ ಒಪ್ಪಂದದಲ್ಲಿ ನಮೂದಿಸಿಕೊಳ್ಳಬೇಕು.
(4) ಅಳವಡಿಕೆಯ ನಂತರ ನೆಟ್ ಮೀಟರಿಗೆ ಕೋರಿ, ಪರಿಶೀಲನೆ ಮುಗಿಸಿ, ಕಾರ್ಯಾರಂಭದ ಪ್ರಮಾಣಪತ್ರ ಪಡೆಯಬೇಕು.
(5) ಪೋರ್ಟಲಿನಲ್ಲಿ ಬ್ಯಾಂಕ್ ಖಾತೆಯ ವಿವರ ಸಲ್ಲಿಸಿ ಸಹಾಯಧನ ಕೋರಬೇಕು.

ವಿಶೇಷ ಸೂಚನೆ: ಅನೇಕ ಮನೆಗಳಲ್ಲಿ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆ ಇಂದಿಗೂ ದಿವಂಗತರಾದ ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ. ಹೆಸರು ವರ್ಗಾವಣೆಯನ್ನು ಮೊದಲು ಮುಗಿಸಿಕೊಳ್ಳಬೇಕು. ಅವಿಭಕ್ತ ಕುಟುಂಬದ ಮನೆಯಾದರೆ, ಛಾವಣಿಯ ಬಳಕೆಗೆ ಇತರ ಹಕ್ಕುದಾರರ ಲಿಖಿತ ಒಪ್ಪಿಗೆ ಪಡೆದಿಟ್ಟುಕೊಳ್ಳುವುದು ಕ್ಷೇಮ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು ಹೋದಾಗ ಫಲಕದಿಂದ ಮನೆಗೆ ದೀಪ ಉರಿಯುವುದೇ?
ಉತ್ತರ: ಇಲ್ಲ. ಬ್ಯಾಟರಿ ಇಲ್ಲದ, ಜಾಲಕ್ಕೆ ಜೋಡಿಸಿದ ಘಟಕವು ಜಾಲದಲ್ಲಿ ವಿದ್ಯುತ್ ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್‌ಗಳ ಪ್ರಾಣರಕ್ಷಣೆಗಾಗಿ ಈ ವ್ಯವಸ್ಥೆ ಇದೆ. ಬ್ಯಾಟರಿ ಬೇಕಾದವರು ಅದಕ್ಕೆ ತಕ್ಕ ಇನ್ವರ್ಟರನ್ನು ಆರಂಭದಲ್ಲಿಯೇ ಆಯ್ಕೆ ಮಾಡಬೇಕು. ಸಹಾಯಧನವನ್ನು ಸೌರ ಘಟಕದ ಸಾಮರ್ಥ್ಯದ ಮೇಲೆ ಲೆಕ್ಕ ಹಾಕುವುದರಿಂದ ಬ್ಯಾಟರಿಯ ವೆಚ್ಚ ಗ್ರಾಹಕರದೇ.

ಪ್ರಶ್ನೆ: ಗೃಹಜ್ಯೋತಿ ಯೋಜನೆಯಲ್ಲಿ ನಮ್ಮ ಬಿಲ್ಲು ಶೂನ್ಯವಾಗಿದೆ. ಸೌರ ಫಲಕ ಲಾಭದಾಯಕವೇ?
ಉತ್ತರ: ಗೃಹಜ್ಯೋತಿ ಯೋಜನೆಯು 2023ರಲ್ಲಿ ಜಾರಿಗೆ ಬಂದಾಗ 200 ಯೂನಿಟ್ ಮಿತಿಯೊಳಗೆ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಉಚಿತ ವಿದ್ಯುತ್ ನಿಗದಿಪಡಿಸಲಾಗಿತ್ತು. ಬಿಲ್ಲು ಈಗಾಗಲೇ ಶೂನ್ಯವಾಗಿರುವ ಕುಟುಂಬವು ಸಾಲ ಮಾಡಿ ಫಲಕ ಹಾಕಿಸಿದರೆ ಕಂತು ಮಾತ್ರ ಹೊಸ ಖರ್ಚಾಗುತ್ತದೆ. ಬಳಕೆ 200 ಯೂನಿಟ್ ಮೀರುವ ಮನೆಗಳಿಗೆ ಸೌರ ಘಟಕ ಹೆಚ್ಚು ಪ್ರಯೋಜನಕಾರಿ. ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ನಿರ್ಧರಿಸಬೇಕು.

ಪ್ರಶ್ನೆ: ಫಲಕಗಳನ್ನು ತೊಳೆಯುವುದು ಹೇಗೆ?
ಉತ್ತರ: ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತದೆ. ಉಳಿದ ಕಾಲದಲ್ಲಿ ಉಪ್ಪು ಮತ್ತು ಧೂಳಿನ ಪೊರೆ ಕಟ್ಟುವುದರಿಂದ ಬೆಳಗಿನ ತಂಪಿನಲ್ಲಿ ಸಿಹಿನೀರು ಮತ್ತು ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಸಮುದ್ರದ ನೀರು ಅಥವಾ ಉಪ್ಪಾದ ಬಾವಿಯ ನೀರನ್ನು ಬಳಸಬಾರದು.

11. ಅರ್ಜಿಗೆ ಮುನ್ನ ಖಾತರಿಪಡಿಸಿಕೊಳ್ಳಬೇಕಾದವು

ಒಳಮಾಳಿಗೆಯಲ್ಲಿ ತುಕ್ಕಿನ ಕಲೆ ಇಲ್ಲ. ನೀರಿನ ಪರೀಕ್ಷೆಯಲ್ಲಿ ತೇವ ಇಳಿದಿಲ್ಲ, ಅಥವಾ ಮರಮಟ್ಟನ್ನು ಬಡಗಿ ಪರೀಕ್ಷಿಸಿದ್ದಾರೆ. ಡಿಸೆಂಬರ್ ನೆರಳಿನ ಲೆಕ್ಕ ಆಗಿದೆ. ಗಾಳಿಯ ಲೆಕ್ಕ ಲಿಖಿತವಾಗಿ ಕೈಯಲ್ಲಿದೆ. ಆರ್.ಆರ್. ಸಂಖ್ಯೆ ಅರ್ಜಿದಾರರ ಹೆಸರಿನಲ್ಲಿದೆ. ಸೋರಿಕೆಯ ಹೊಣೆ ಒಪ್ಪಂದದಲ್ಲಿದೆ. ಈ ಆರರಲ್ಲಿ ಯಾವುದೊಂದು ಬಾಕಿಯಿದ್ದರೂ ಅದನ್ನು ಪೂರೈಸಿದ ನಂತರವೇ ಮುಂಗಡ ಹಣ ಪಾವತಿಸಲು ಕೋರಲಾಗಿದೆ. ಒಂದು ಋತು ತಡವಾದರೆ ಕೆಲವು ತಿಂಗಳ ಉಳಿತಾಯವಷ್ಟೇ ಕೈತಪ್ಪುತ್ತದೆ. ಸಿದ್ಧವಾಗದ ಛಾವಣಿಯ ಮೇಲೆ ಅವಸರದಿಂದ ಫಲಕ ಕೂರಿಸಿದರೆ ಛಾವಣಿ, ಫಲಕ ಎರಡೂ ನಷ್ಟವಾಗಬಹುದು.

ವಿದ್ಯುತ್ ಸಂಬಂಧಿತ ದೂರು ಹಾಗೂ ಮಾಹಿತಿಗಾಗಿ ಸಾರ್ವಜನಿಕರು ಸಹಾಯವಾಣಿ 1912 ಅಥವಾ ಸಮೀಪದ ಹೆಸ್ಕಾಂ ಉಪವಿಭಾಗ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.